ರಜೆಯ ಇಂಗ್ಲಿಷ್ ಹೋಂವರ್ಕ್ ಮತ್ತು ಪರೀಕ್ಷಾ ತಯಾರಿ: ಶಾಲಾ ಶಿಕ್ಷಣ ಇಲಾಖೆಗೆ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ, ಬೆಂಗಳೂರು.

ಪ್ರತಿ: ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಧ್ಯಕ್ಷರು, ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ನಿರ್ದೇಶಕರು.

ವಿಷಯ: ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ದಸರಾ ಮತ್ತು ಬೇಸಿಗೆ ರಜೆಯಲ್ಲಿ ಕೊಡುವ ಇಂಗ್ಲಿಷ್ ಹೋಂವರ್ಕ್ ಹಾಗೂ ಎಸ್ಸೆಸ್ಸೆಲ್ಸಿ ತಯಾರಿಯನ್ನು ಸರಿಪಡಿಸುವ ಬಗ್ಗೆ.

ಮಾನ್ಯರೇ,

ದಸರಾ ರಜೆಗೆ ಶಾಲೆ ಮುಚ್ಚುವ ದಿನ ಹಲವು ಶಾಲೆಗಳ ಕರಿಹಲಗೆಯ ಮೇಲೆ ಕಾಣುವ ಇಂಗ್ಲಿಷ್ ಹೋಂವರ್ಕ್ ಒಂದೇ ಬಗೆಯದು: ಆದ ಪಾಠಗಳ ಪ್ರಶ್ನೋತ್ತರ ಮೂರು ಸಲ ಬರೆದು ತನ್ನಿ, ಪದ್ಯ ಬಾಯಿಪಾಠ ಮಾಡಿ, ಎರಡು ಲೆಟರ್ ಬರೆಯಿರಿ. ಮಕ್ಕಳು ಬರೆಯುತ್ತಾರೆ. ರಜೆಯ ಕೊನೆಯ ರಾತ್ರಿಗಳಲ್ಲಿ ಗೈಡ್ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಇಳಿಸುತ್ತಾರೆ. ನೋಟ್‌ಬುಕ್ ತುಂಬುತ್ತದೆ, ಸ್ವಂತವಾಗಿ ಒಂದು ವಾಕ್ಯ ಕಟ್ಟುವ ಧೈರ್ಯ ಮಾತ್ರ ಬರುವುದಿಲ್ಲ.

ಇದು ಸೋಮಾರಿತನದ ಮಾತಲ್ಲ. ರಾಯಚೂರು, ಯಾದಗಿರಿಯ ಕಡೆ ದಸರೆಯ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ. ದೊಡ್ಡ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಎಷ್ಟೋ ಕುಟುಂಬಗಳು ಗುಳೆ ಹೋಗಿರುತ್ತವೆ. ಗಣಿತದ ಲೆಕ್ಕ ತಪ್ಪಿದರೆ ಅಣ್ಣನೋ ಅಂಗಡಿಯವರೋ ತಿದ್ದಿಯಾರು. ಕನ್ನಡದ ಪದ್ಯ ಅರ್ಥವಾಗದಿದ್ದರೆ ಅಜ್ಜಿಯಾದರೂ ಹೇಳಿಯಾಳು. ಇಂಗ್ಲಿಷ್ ವಾಕ್ಯ ಸರಿಯೋ ತಪ್ಪೋ ಎಂದು ಹೇಳುವವರು ಆ ಮನೆಯಲ್ಲಿ, ಆ ಓಣಿಯಲ್ಲಿ ಇರುವುದಿಲ್ಲ. ಪಠ್ಯಪುಸ್ತಕದಲ್ಲಿ ದೀಕ್ಷಾ ಕಲಿಕಾ ತಾಣದ ಕ್ಯೂಆರ್ ಕೋಡ್ ಇದೆ ನಿಜ. ಅದನ್ನು ತೆರೆಯಬೇಕಾದ ಒಂದೇ ಒಂದು ಫೋನು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗಿರುತ್ತದೆ.

ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಯಿತು. ಹತ್ತು ವರ್ಷ ಇಂಗ್ಲಿಷ್ ಓದಿದ ಮಗು ಹತ್ತನೇ ತರಗತಿಯಲ್ಲಿ ಅದೇ ವಿಷಯಕ್ಕೆ ಹೆದರುತ್ತದೆ ಎಂದರೆ, ಓದಿಸುವ ಕ್ರಮವನ್ನೇ ನೋಡಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆ ಇಂಗ್ಲಿಷಿಗೆ ಲಿಖಿತ ಪರೀಕ್ಷೆ 80 ಅಂಕ, ಆಂತರಿಕ ಮೌಲ್ಯಮಾಪನ 20. ಆ 80ರಲ್ಲಿ ಪಾಠದ ಪ್ರಶ್ನೆಗಳ ಜೊತೆಗೆ ಹಿಂದೆ ನೋಡಿರದ ಗದ್ಯಭಾಗ, ಪತ್ರ, ಪ್ರಬಂಧ, ಕೊಟ್ಟ ಅಂಶಗಳಿಂದ ಕಟ್ಟುವ ವ್ಯಕ್ತಿಪರಿಚಯ, ಸಂಭಾಷಣೆ ಪೂರ್ತಿಗೊಳಿಸುವುದು ಎಲ್ಲವೂ ಬರುತ್ತವೆ. ಇವು ಯಾವ ಗೈಡಿನಿಂದಲೂ ಇಳಿಸಿಕೊಳ್ಳಲಾಗದವು. ಪಾಸಾಗಲಷ್ಟೇ ಆಯ್ದ ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’ ಹಿಡಿದು ಕೂತ ಮಗು ಇಲ್ಲಿಯೇ ಎಡವುತ್ತದೆ.

ಬೇಸಿಗೆಯ ಸಂಕಟ ಬೇರೆ ತರದ್ದು. 2023-24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರಿಗೆ ವರ್ಷ ಹಾಳಾಗದಂತೆ ಮಾಡಿದ ಈ ಕ್ರಮವನ್ನು ಮನವಿದಾರರು ಮನಸಾರೆ ಸ್ವಾಗತಿಸುತ್ತಾರೆ. ಆದರೆ 2025ರಲ್ಲಿ ಫಲಿತಾಂಶ ಬಂದದ್ದು ಮೇ 2ಕ್ಕೆ, ಪರೀಕ್ಷೆ-2 ಆರಂಭವಾದದ್ದು ಮೇ 26ಕ್ಕೆ. ನಡುವಿನ ಮೂರೂವರೆ ವಾರ ಬೇಸಿಗೆ ರಜೆಯ ಕಾಲ. 2024ರಲ್ಲಿ ರಜೆಯಲ್ಲೇ ವಿಶೇಷ ತರಗತಿ ನಡೆಸಬೇಕೆಂಬ ಸೂಚನೆಗೆ ಶಿಕ್ಷಕರು ವಿರೋಧ ವ್ಯಕ್ತಪಡಿಸಿದರು, ಪರೀಕ್ಷೆ-2 ಜೂನ್ 14ಕ್ಕೆ ಮುಂದೆ ಹೋಯಿತು. ಶಿಕ್ಷಕರ ರಜೆಯೂ ನ್ಯಾಯ, ಮಕ್ಕಳ ತಯಾರಿಯೂ ನ್ಯಾಯ. ಎರಡಕ್ಕೂ ಜಾಗ ಮಾಡಿಕೊಡುವ ಹೊಣೆ ಇಲಾಖೆಯದು.

ಮಾರ್ಗಸೂಚಿ ಇಲ್ಲವೆಂದೇನಿಲ್ಲ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಇಲ್ಲ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ಆರರಿಂದ ಎಂಟರವರೆಗೆ ದಿನಕ್ಕೆ 1 ಗಂಟೆ, ಒಂಬತ್ತರಿಂದ ಮೇಲೆ ದಿನಕ್ಕೆ 2 ಗಂಟೆ. ಎಲ್ಲ ವಿಷಯಗಳೂ ಸೇರಿ ಇಷ್ಟು. ರಜೆಯ ಹೋಂವರ್ಕ್ ಕೊಡುವಾಗ ಈ ಲೆಕ್ಕ ಯಾರ ನೆನಪಿಗೂ ಬರುವುದಿಲ್ಲ.

ಆದ್ದರಿಂದ ಮನವಿದಾರರ ಬೇಡಿಕೆಗಳು ಹೀಗಿವೆ:

1. ಪ್ರಶ್ನೋತ್ತರಗಳನ್ನು ಮತ್ತೆ ಮತ್ತೆ ನಕಲು ಮಾಡಿಸುವ ರಜಾ ಹೋಂವರ್ಕನ್ನು ಸುತ್ತೋಲೆಯ ಮೂಲಕ ನಿಲ್ಲಿಸಬೇಕು. ಹೋಂವರ್ಕ್ ತರದ ಮಗುವಿಗೆ ಶಾಲೆ ತೆರೆದ ದಿನ ಶಿಕ್ಷೆ, ಅವಮಾನ ಕೂಡದು.

2. 2020ರ ನೀತಿಯ ಮಿತಿ ರಜೆಗೂ ಅನ್ವಯವಾಗಬೇಕು. ಮುಖ್ಯಶಿಕ್ಷಕರು ಎಲ್ಲ ವಿಷಯಗಳ ಹೋಂವರ್ಕನ್ನು ಒಟ್ಟಿಗೆ ನೋಡಿ ಒಪ್ಪಿಗೆ ಕೊಡಬೇಕು.

3. ಡಿಎಸ್‌ಇಆರ್‌ಟಿಯು ಪ್ರತಿ ರಜೆಗೆ ತೆಳುವಾದ ಒಂದು ಅಭ್ಯಾಸ ಪುಸ್ತಿಕೆ ಕೊಡಬೇಕು. ಸೂಚನೆಗಳು ಕನ್ನಡದಲ್ಲಿರಲಿ, ಕೊನೆಯಲ್ಲಿ ಮಾದರಿ ಉತ್ತರಗಳಿರಲಿ. ಚಟುವಟಿಕೆಗಳು ಮಗುವಿನ ಸುತ್ತಲಿನವು ಆಗಿರಲಿ. ರಸ್ಕಿನ್ ಬಾಂಡ್ ಅವರ ಮರ ಹತ್ತುವ ಅಜ್ಜಿಯ ಪದ್ಯ ಓದಿದ ಮಗು ತನ್ನ ಅಜ್ಜಿಯನ್ನು ಮಾತಾಡಿಸಿ ಎಂಟು ಇಂಗ್ಲಿಷ್ ವಾಕ್ಯಗಳಲ್ಲಿ ಅವರ ಪರಿಚಯ ಬರೆಯಲಿ. ಆರ್. ಕೆ. ನಾರಾಯಣ್ ಅವರ ‘ಎ ಹೀರೋ’ ಪಾಠದ ಸ್ವಾಮಿ ಕಳ್ಳನ ಕಾಲು ಕಚ್ಚಿದ್ದನ್ನು ಓದಿದವರು ತಮ್ಮೂರಿನ ಧೈರ್ಯದ ಕಥೆಯೊಂದನ್ನು ಬರೆಯಲಿ. ಬೀದಿದೀಪ ಕೆಟ್ಟಿದ್ದರೆ ಗ್ರಾಮ ಪಂಚಾಯಿತಿಗೆ ಪತ್ರ ಬರೆಯಲಿ. ಬೀಜದ ಪೊಟ್ಟಣ, ಮಾತ್ರೆಯ ಚೀಟಿಯ ಮೇಲಿನ ಇಂಗ್ಲಿಷ್ ಓದಲಿ. ಪರೀಕ್ಷೆಯಲ್ಲಿ ಕೇಳುವ ಬರವಣಿಗೆಯೂ ಇದೇ ಅಲ್ಲವೇ?

4. ರಜೆಗೆ ಮುಂಚೆ ನಡೆದ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿ, ತಪ್ಪು ಎಲ್ಲಿದೆ ಎಂದು ತೋರಿಸಿ, ಮಕ್ಕಳ ಕೈಗೆ ಕೊಟ್ಟು ಕಳಿಸಬೇಕು. ಯಾವುದನ್ನು ಓದಬೇಕೆಂದು ಗೊತ್ತಿಲ್ಲದವರು ಎಲ್ಲವನ್ನೂ ಬಾಯಿಪಾಠ ಮಾಡುತ್ತಾರೆ.

5. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ರಜೆಯ ದಿನಗಳಂದು ಇಂಗ್ಲಿಷ್ ಓದಿನ ಹೊತ್ತು ನಿಗದಿಯಾಗಬೇಕು. ಪಠ್ಯದ ಪಾಠಗಳ ಧ್ವನಿಮುದ್ರಿಕೆ, ನಿಘಂಟು, ಸರಳ ಕಥೆಪುಸ್ತಕ ಅಲ್ಲಿರಬೇಕು. ಆಕಾಶವಾಣಿಯಲ್ಲೂ ರಜೆಯ ಪಾಠ ಪ್ರಸಾರವಾಗಲಿ.

6. ಫಲಿತಾಂಶಕ್ಕೂ ಪರೀಕ್ಷೆ-2ಕ್ಕೂ ನಡುವೆ ಕನಿಷ್ಠ ಐದು ವಾರ ಅಂತರವಿರಬೇಕು. ಹೋಬಳಿಗೊಂದು ಕೇಂದ್ರದಲ್ಲಿ ಇಂಗ್ಲಿಷ್ ಪುನರಾವರ್ತನಾ ತರಗತಿ ನಡೆಯಲಿ. ಒಪ್ಪಿ ಬರುವ ಶಿಕ್ಷಕರಿಗೆ ಅಷ್ಟು ದಿನದ ಗಳಿಕೆ ರಜೆ ಸಿಗಲಿ. ಮಕ್ಕಳಿಗೆ ಬಸ್ ಪಾಸ್, ಮಧ್ಯಾಹ್ನದ ಊಟ ಇರಲಿ.

7. ಗುಳೆ ಹೋದ ಮಕ್ಕಳಿಗೆ ಅವರಿರುವ ಕಡೆಯ ಕೇಂದ್ರದಲ್ಲೇ ಈ ಪುನರಾವರ್ತನಾ ತರಗತಿಗೆ ಕೂರಲು, ಪುಸ್ತಿಕೆ ಪಡೆಯಲು ಅವಕಾಶ ಬೇಕು.

ಈ ಬೇಡಿಕೆಗಳಿಗೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಪುಸ್ತಿಕೆಯ ಮುದ್ರಣ, ಊಟ, ಪ್ರಯಾಣಕ್ಕೆ ಹಣ ಬೇಕು. ಮುಂದಿನ ಆಯವ್ಯಯದಲ್ಲಿ ಅದನ್ನು ಕಾದಿರಿಸಬೇಕೆಂದು ಕೋರಲಾಗಿದೆ. ಮನವಿದಾರರ ಪೈಕಿ ಹಳೆಯ ವಿದ್ಯಾರ್ಥಿಗಳು ಅರಿವು ಕೇಂದ್ರಗಳಲ್ಲಿ ಮಕ್ಕಳ ಜೊತೆ ಕೂತು ಓದಿಸಲು ಸಿದ್ಧರಿದ್ದಾರೆ, ಇಂಗ್ಲಿಷ್ ಶಿಕ್ಷಕರು ಪುಸ್ತಿಕೆಯ ಕರಡು ತಯಾರಿಸಿಕೊಡಲು ಒಪ್ಪಿದ್ದಾರೆ. ಮೊದಲ ಮೂರು ಬೇಡಿಕೆಗಳ ಕುರಿತ ಸುತ್ತೋಲೆ ಮುಂದಿನ ದಸರಾ ರಜೆಗೆ ಮುಂಚೆಯೇ ಶಾಲೆಗಳಿಗೆ ತಲುಪಬೇಕು. ಉಳಿದವುಗಳ ಬಗ್ಗೆ ಚರ್ಚಿಸಲು ಪೋಷಕರು ಹಾಗೂ ಶಿಕ್ಷಕರ ಸಭೆ ಕರೆದು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.



ಮನವಿದಾರರು
ಸರ್ಕಾರಿ ಪ್ರೌಢಶಾಲೆಗಳ ಮಕ್ಕಳ ಪೋಷಕರು, ಹಳೆಯ ವಿದ್ಯಾರ್ಥಿಗಳು ಮತ್ತು ಇಂಗ್ಲಿಷ್ ಶಿಕ್ಷಕರು