ಚೀಟಿ ಹಿಡಿದವರು ಮಾವ, ಮಗು ನೋಡಿಕೊಂಡವರು ಅಜ್ಜಿ

ರಾತ್ರಿ ಎರಡು ಗಂಟೆ ಸುಮಾರು. ನಮ್ಮ ಬಳಗದ ಗೆಳತಿಯೊಬ್ಬಳ ಅಕ್ಕನ ಮಗ, ಏಳು ವರ್ಷದ ಹುಡುಗ, ನಿದ್ದೆಯಲ್ಲೇ ಮತ್ತೆ ಮತ್ತೆ ಏನನ್ನೋ ನುಂಗುತ್ತಿದ್ದ. ಪಕ್ಕದಲ್ಲಿ ಮಲಗಿದ್ದ ಅಜ್ಜಿಗೆ ಎಚ್ಚರವಾಯಿತು. ಪಾಪ, ಬಾಯಾರಿರಬೇಕು ಎಂದು ನೀರು ಕೊಡಲು ಲೈಟ್ ಹಾಕಿದರೆ ದಿಂಬಿನ ಮೇಲೆ ರಕ್ತ.

ಟಾನ್ಸಿಲ್ ಆಪರೇಷನ್ ಆಗಿ ಅಂದಿಗೆ ಏಳನೇ ದಿನ. ಹಿಂದಿನ ದಿನವಷ್ಟೇ ಹುಡುಗ ಒಂದು ತಟ್ಟೆ ಹಾಲನ್ನ ಉಂಡು ಅಂಗಳದಲ್ಲಿ ಆಡಿದ್ದ. ಇನ್ನೇನು ಭಯವಿಲ್ಲ ಎಂದು ಅಪ್ಪ ಅಮ್ಮ ಬೆಂಗಳೂರಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್ ಹೋಗಿದ್ದರು. ಮನೆಯಲ್ಲಿ ಇದ್ದದ್ದು ಅಜ್ಜಿ, ಮಗು, ಒಂದು ಕೀಪ್ಯಾಡ್ ಫೋನು.

ಪಕ್ಕದ ಮನೆಯವರು 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು, ರಕ್ತ ನಿಂತಿತು, ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಆದರೆ ಅಂದು ಡ್ಯೂಟಿ ಡಾಕ್ಟರು ಕೇಳಿದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ: "ಐದರಿಂದ ಹತ್ತನೇ ದಿನದ ಒಳಗೆ ರಕ್ತ ಬರಬಹುದು ಅಂತ ನಿಮಗೆ ಹೇಳಿರಲಿಲ್ಲವಾ?"

ಹೇಳಿದ್ದರು. ಡಿಸ್ಚಾರ್ಜ್ ಚೀಟಿಯ ಕೆಳಗಡೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಚೀಟಿಯನ್ನು ಪಡೆದು ಸಹಿ ಹಾಕಿದವರು ಹುಡುಗನ ಸೋದರಮಾವ. ಅವರು ಅದನ್ನು ಬಿಲ್ಲಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನ ಮೇಲಿಟ್ಟು ತಮ್ಮ ಊರಿಗೆ ಹೋದರು. ಅಜ್ಜಿಗೆ ಯಾರೂ ಏನೂ ಹೇಳಲಿಲ್ಲ.

ನಮ್ಮ ವಾದ ಇಷ್ಟೇ. ಟಾನ್ಸಿಲ್ ಆಪರೇಷನ್ ಮುಗಿಯಲು ಹೆಚ್ಚೆಂದರೆ ಒಂದು ಗಂಟೆ. ಗಾಯ ಮಾಯಲು ಹತ್ತರಿಂದ ಹದಿನಾಲ್ಕು ದಿನ. ಆ ಎರಡು ವಾರದ ಚಿಕಿತ್ಸೆ ನಡೆಯುವುದು ಮನೆಯಲ್ಲಿ. ನೋಡಿಕೊಳ್ಳುವವರು ಅಜ್ಜಿ, ದೊಡ್ಡಮ್ಮ, ಇಲ್ಲವೇ ಪಿಯುಸಿ ಓದುವ ಅಕ್ಕ. ಅವರಿಗೆ ಅವರ ಭಾಷೆಯಲ್ಲಿ ವಿವರಿಸದೆ ಮಗುವನ್ನು ಮನೆಗೆ ಕಳಿಸುವುದು ಅರ್ಧ ಚಿಕಿತ್ಸೆ ಮಾಡಿ ಕೈತೊಳೆದುಕೊಂಡಂತೆ.

ಹಾಗಾದರೆ ಆ ಅಜ್ಜಿಗೆ ಏನೇನು ಹೇಳಬೇಕಿತ್ತು?

ನೋವು ದಿನದಿಂದ ದಿನಕ್ಕೆ ಇಳಿಯುವುದಿಲ್ಲ

ಮೊದಲ ದಿನಕ್ಕಿಂತ ಮೂರನೇ, ನಾಲ್ಕನೇ, ಐದನೇ ದಿನ ನೋವು ಜಾಸ್ತಿಯಾಗಬಹುದು. ಬೆಳಿಗ್ಗೆ ಎದ್ದಾಗ ಇನ್ನೂ ಹೆಚ್ಚು, ಯಾಕೆಂದರೆ ರಾತ್ರಿಯಿಡೀ ಗಂಟಲು ಒಣಗಿರುತ್ತದೆ. ಕಿವಿ ನೋವು ಎಂದೂ ಮಗು ಅಳಬಹುದು. ಗಂಟಲಿನ ನೋವೇ ಕಿವಿಯಲ್ಲಿ ಕಾಣಿಸಿಕೊಳ್ಳುವುದು ಅದು. ಕಿವಿಗೆ ಎಣ್ಣೆ ಬಿಡಬೇಡಿ.

ಬಾಯಿ ತೆರೆಸಿ ನೋಡಿದರೆ ಗಾಯದ ಜಾಗದಲ್ಲಿ ಬಿಳಿ ಅಥವಾ ಹಳದಿ ಪೊರೆ ಕಾಣುತ್ತದೆ. ಕೀವು ಎಂದು ಹೆದರುವವರೇ ಹೆಚ್ಚು. ಅದು ಕೀವಲ್ಲ, ಮಾಯುತ್ತಿರುವ ಗಾಯದ ಹೊಪ್ಪಳೆ. ಬಾಯಿ ವಾಸನೆ ಬರುವುದೂ ಅದರಿಂದಲೇ. ಬೆರಳು ಹಾಕಿ ಒರೆಸುವುದು, ಅರಿಶಿನ ಉಪ್ಪು ಹಚ್ಚುವುದು ಖಂಡಿತ ಬೇಡ.

ಮೊದಲ ಒಂದೆರಡು ದಿನ ಮೈ ಸ್ವಲ್ಪ ಬೆಚ್ಚಗಿರಬಹುದು. ಜ್ವರ 101 ಡಿಗ್ರಿ ದಾಟಿ ಇಳಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ನುಂಗಿಸುವುದೇ ದೊಡ್ಡ ಕೆಲಸ

ನೋಯುತ್ತದೆ ಎಂದು ಮಗು ನುಂಗುವುದಿಲ್ಲ. ನುಂಗದಿದ್ದರೆ ಗಂಟಲು ಒಣಗಿ ಇನ್ನೂ ನೋಯುತ್ತದೆ. ಇದರ ಮಧ್ಯೆ ಮೈಯಲ್ಲಿ ನೀರು ಕಡಿಮೆಯಾಗಿ ಮಗು ಸುಸ್ತಾಗುತ್ತದೆ. ಒಂದೆರಡು ದಿನ ಅನ್ನ ಕಡಿಮೆ ತಿಂದರೂ ಚಿಂತೆಯಿಲ್ಲ, ನೀರು ಮಾತ್ರ ತಪ್ಪಬಾರದು. ಒಂದೇ ಸಲ ಲೋಟ ಹಿಡಿಸುವ ಬದಲು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಸಿ. ಎಳನೀರು, ಆರಿದ ಗಂಜಿ, ಆರಿದ ರಾಗಿ ಅಂಬಲಿ, ತಣ್ಣಗಿನ ಹಾಲು, ಹುಳಿಯಿಲ್ಲದ ಮಜ್ಜಿಗೆ, ಯಾವುದಾದರೂ ಸರಿ.

ಸಾಕಷ್ಟು ಕುಡಿಯುತ್ತಿದೆಯೇ ಎಂದು ತಿಳಿಯಲು ಮೂತ್ರ ನೋಡಿ. ಎಂಟು ಗಂಟೆ ಕಳೆದರೂ ಮೂತ್ರ ಹೋಗದಿದ್ದರೆ, ಹೋದರೂ ಕಡು ಹಳದಿಯಾಗಿದ್ದರೆ, ತುಟಿ ಒಣಗಿ ಮಗು ಮಂಕಾಗಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಐಸ್‌ಕ್ರೀಂ ಕೊಟ್ಟರೆ ಶೀತವಾಗುತ್ತದೆ ಎಂದು ಹಿರಿಯರು ತಡೆಯುತ್ತಾರೆ. ತಂಪು ಗಂಟಲಿಗೆ ಹಿತ ಕೊಡುತ್ತದೆ, ಗಾಯ ಕೆಡಿಸುವುದಿಲ್ಲ. ಹಾಗಂತ ಐಸ್‌ಕ್ರೀಮೇ ಔಷಧಿಯೂ ಅಲ್ಲ. ಅದು ಸಿಗದ ಊರಲ್ಲಿ ಆರಿದ ಅಂಬಲಿ ಸಾಕು. ಮೆತ್ತಗಿನ ಅನ್ನ, ಇಡ್ಲಿ, ಖಾರವಿಲ್ಲದ ಸಾರಿನಲ್ಲಿ ಅದ್ದಿದ ಸಣ್ಣ ಸಣ್ಣ ಮುದ್ದೆ ತುತ್ತು ಕೊಡಬಹುದು. ಚಕ್ಕುಲಿ, ನಿಪ್ಪಟ್ಟು, ಗಟ್ಟಿ ರೊಟ್ಟಿ, ಖಾರ, ನಿಂಬೆ, ಕಿತ್ತಳೆ ಡಾಕ್ಟರು ಹೇಳುವವರೆಗೆ ದೂರವಿರಲಿ. ಯಾವುದನ್ನೂ ಬಿಸಿಬಿಸಿ ಕೊಡಬೇಡಿ.

ಸಿರಪ್ಪಿನ ಬಾಟಲಿ ಓದಿ

ಮೊದಲ ಕೆಲವು ದಿನ ನೋವಿನ ಔಷಧಿಯನ್ನು ಮಗು ಅತ್ತಾಗ ಮಾತ್ರ ಕೊಟ್ಟರೆ ಸಾಲದು. ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ಬಿದ್ದರೆ ನುಂಗುವುದು ಸುಲಭ.

ಪ್ಯಾರಾಸಿಟಮಾಲ್ ಸಿರಪ್ ಎಲ್ಲ ಒಂದೇ ಅಲ್ಲ. ಕೆಲವು ಬಾಟಲಿಯಲ್ಲಿ 5 ಎಂ.ಎಲ್.ಗೆ 120 ಅಥವಾ 125 ಮಿಲಿಗ್ರಾಂ ಇರುತ್ತದೆ, ಕೆಲವದರಲ್ಲಿ 250. ಬಾಟಲಿ ಖಾಲಿಯಾಯಿತೆಂದು ಮೆಡಿಕಲ್ ಸ್ಟೋರಿನಿಂದ ಬೇರೆಯದು ತಂದು ಅದೇ ಅಳತೆ ಹಾಕಿದರೆ ಮಗುವಿಗೆ ಎರಡರಷ್ಟು ಹೋಗಬಹುದು, ಇಲ್ಲವೇ ಅರ್ಧವಷ್ಟೇ. ಮನೆ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲೇ ಹಾಕಿ.

ಆಸ್ಪಿರಿನ್ ಕೊಡಲೇಬಾರದು, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಮನೆಯಲ್ಲಿ ಉಳಿದ ಕೆಮ್ಮಿನ ಸಿರಪ್ಪೂ ಬೇಡ. ಕೆಲವದರಲ್ಲಿ ಕೊಡೀನ್ ಇರುತ್ತದೆ. ಕೆಲವು ಮಕ್ಕಳ ದೇಹ ಅದನ್ನು ಬೇಗನೆ ಮಾರ್ಫಿನ್ ಆಗಿ ಬದಲಿಸಿ ಉಸಿರಾಟವೇ ನಿಧಾನವಾಗುತ್ತದೆ. ಟಾನ್ಸಿಲ್ ಆಪರೇಷನ್ ನಂತರ ಕೊಡೀನ್ ಕೊಟ್ಟ ಮಕ್ಕಳು ಸತ್ತ ಕಾರಣಕ್ಕೆ 2013ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಟ್ಟೆಚ್ಚರ ನೀಡಿತು.

ರಕ್ತ ಕಂಡರೆ ಕಾಯುವುದಿಲ್ಲ

ಆಪರೇಷನ್ ಆದ ಮೊದಲ ದಿನ ರಕ್ತ ಬರಬಹುದು ಎಂದು ಎಲ್ಲರೂ ಹೆದರುತ್ತಾರೆ. ಆದರೆ ಮನೆಗೆ ಬಂದ ಮೇಲೆ ಐದರಿಂದ ಹತ್ತನೇ ದಿನದ ನಡುವೆ, ಹೊಪ್ಪಳೆ ಉದುರುವ ಹೊತ್ತಿಗೆ ಮತ್ತೊಂದು ಅಪಾಯದ ಕಾಲ ಬರುತ್ತದೆ. ರಕ್ತ ಬರುವುದು ನೂರರಲ್ಲಿ ಕೆಲವೇ ಮಕ್ಕಳಿಗೆ. ಆದರೆ ಯಾವ ಮಗುವಿಗೆ ಎಂದು ಮೊದಲೇ ಹೇಳಲಾಗದು.

ಬಾಯಿ, ಮೂಗಿನಿಂದ ಕೆಂಪು ರಕ್ತ, ಕಾಫಿ ಬಣ್ಣದ ವಾಂತಿ, ನಿದ್ದೆಯಲ್ಲಿ ಪದೇ ಪದೇ ನುಂಗುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ, ಬಸ್ ಬರಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಗುವನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ರಕ್ತವನ್ನು ಬಟ್ಟಲಿಗೆ ಉಗುಳಿಸಿ. ಅಂಗಾತ ಮಲಗಿಸಬೇಡಿ, ತಿನ್ನಲು ಏನೂ ಕೊಡಬೇಡಿ. ದಾರಿಯಲ್ಲೇ ರಕ್ತ ನಿಂತರೂ ವಾಪಸ್ ಬರಬೇಡಿ. ಚಿಕ್ಕದಾಗಿ ಬಂದು ನಿಂತದ್ದು ಆಮೇಲೆ ದೊಡ್ಡದಾಗಿ ಬರಬಹುದು. ಉಸಿರಾಡಲು ಕಷ್ಟಪಟ್ಟರೂ ಇಷ್ಟೇ ಅವಸರ.

ಅದಕ್ಕೇ ಎರಡು ವಾರ ಜಾತ್ರೆ, ದೂರದ ಮದುವೆ, ಸೈಕಲ್, ಕೆರೆ ಈಜು, ಓಟ ಬೇಡ. ಒಲೆ ಹೊಗೆ, ಬೀಡಿ ಹೊಗೆಯಿಂದ ಮಗು ದೂರವಿರಲಿ. ನೋಡಲು ಬರುವ ನೆಂಟರಲ್ಲಿ ಯಾರಿಗಾದರೂ ನೆಗಡಿ ಕೆಮ್ಮು ಇದ್ದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿ, ಬೇಜಾರಾದರೂ ಪರವಾಗಿಲ್ಲ.

ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು?

ಡಾಕ್ಟರುಗಳಿಗೆ ಪುರುಸೊತ್ತಿಲ್ಲ ಎನ್ನುತ್ತಾರೆ. ಅದು ನಿಜ. ಓಪಿಡಿ ಮುಂದಿನ ಸಾಲನ್ನು ನಾವೂ ನೋಡಿದ್ದೇವೆ. ಆದರೆ ಮೇಲಿನದೆಲ್ಲ ಕನ್ನಡದಲ್ಲಿ ಒಂದೇ ಹಾಳೆಗೆ ಹಿಡಿಯುತ್ತದೆ. ಒಮ್ಮೆ ಬರೆಸಿ ಪ್ರಿಂಟ್ ಹಾಕಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. ಓದಲು ಬಾರದವರಿಗೆ ನರ್ಸ್ ಐದು ನಿಮಿಷ ಓದಿ ಹೇಳಿದರೆ ಆಯಿತು. ಅದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಅಜ್ಜಿ ಹತ್ತು ಸಲ ಕೇಳಿಯಾಳು.

ಮನೆಯಲ್ಲಿ ಮಗು ನೋಡಿಕೊಳ್ಳುವುದಕ್ಕೆ ನೆರವಾಗುವುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ಕೆಲಸವೂ ಅಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಕೂಸನ್ನು ನೋಡಬೇಕೆಂಬ ನಿಯಮವೇ ಇದೆ. ಆಪರೇಷನ್ ಆಗಿ ಬಂದ ಮಗುವಿನ ಮನೆಗೆ ಯಾರೂ ಬರುವುದಿಲ್ಲ. ಆಶಾ ಅಕ್ಕಂದಿರ ತಲೆಗೆ ಇನ್ನೊಂದು ಹೊರೆ ಹೊರಿಸಿ ಎಂದು ನಾವು ಹೇಳುತ್ತಿಲ್ಲ. ಮೂರನೇ ದಿನ ಒಮ್ಮೆ, ಆರನೇ ದಿನ ಒಮ್ಮೆ ಆಸ್ಪತ್ರೆಯಿಂದ ಒಂದು ಫೋನ್ ಬರಲಿ. "ಮಗು ನೀರು ಕುಡೀತಿದೆಯಾ? ರಕ್ತ ಏನಾದ್ರೂ ಕಂಡಿತಾ?" ಎರಡೇ ಪ್ರಶ್ನೆ ಸಾಕು.

ನಮ್ಮ ಕಡೆಯಿಂದಲೂ ಒಂದು ಕೆಲಸವಿದೆ. ಡಿಸ್ಚಾರ್ಜ್ ದಿನ ಬಿಲ್ ಕಟ್ಟುವವರ ಜೊತೆಗೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರೂ ಆಸ್ಪತ್ರೆಗೆ ಹೋಗಲಿ. ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿಗೆ? ಏನು ಕಂಡರೆ ಓಡಿ ಬರಬೇಕು? ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು? ಮತ್ತೆ ತೋರಿಸುವುದು ಯಾವತ್ತು? ಉತ್ತರ ಕನ್ನಡದಲ್ಲಿ ಸಿಗುವವರೆಗೆ ಚೀಟಿಗೆ ಸಹಿ ಹಾಕಬೇಡಿ. ಊರಿಗೆ ಬಂದ ಮೇಲೆ, ರಾತ್ರಿ ಹೊತ್ತು ಕರೆದರೆ ಗಾಡಿ ತರುವವರು ಯಾರು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ಮೊನ್ನೆ ಆ ಅಜ್ಜಿಯನ್ನು ನೋಡಲು ಹೋಗಿದ್ದೆವು. ಯಾರ ಮೇಲೂ ಅವರಿಗೆ ಸಿಟ್ಟಿರಲಿಲ್ಲ. ಒಂದೇ ಮಾತು ಹೇಳಿದರು: "ನಂಗೂ ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲಪ್ಪ. ಅವನು ಗುಟುಕು ಗುಟುಕು ನುಂಗ್ತಿದ್ದದ್ದು ನಂಗೆ ಮೊದ್ಲೇ ಕೇಳಿಸಿತ್ತು. ನಿದ್ದೆಗಣ್ಣಲ್ಲಿ ಏನೋ ಕನಸು ಅಂತ ಸುಮ್ನೆ ಮಲಗಿಬಿಟ್ಟಿದ್ದೆ."