ಕಾದಂಬರಿ ಪುರಾವೆಯಾಗದು

ಡ್ಯಾನ್ ಬ್ರೌನ್‌ರ ‘ಡಾ ವಿಂಚಿ ಕೋಡ್’ ಕಾದಂಬರಿ 2003ರಲ್ಲಿ, ಅದರ ಚಲನಚಿತ್ರ 2006ರಲ್ಲಿ ಹೊರಬಂದಾಗ ಕ್ರೈಸ್ತರು ತೀವ್ರವಾಗಿ ನೊಂದರು. ಯೇಸು ಮಗ್ದಲದ ಮರಿಯಳನ್ನು ವಿವಾಹವಾಗಿದ್ದರು, ಅವರ ವಂಶ ಇಂದಿಗೂ ಉಳಿದಿದೆ, ಚರ್ಚು ಅದನ್ನು ಮುಚ್ಚಿಟ್ಟಿತು ಎಂಬುದು ಅದರ ಕಥಾವಸ್ತು. ನಮ್ಮ ದೇಶದ ಕೆಲವು ರಾಜ್ಯಗಳು ಚಿತ್ರವನ್ನು ನಿಷೇಧಿಸಿದವು. ತಮಿಳುನಾಡು, ಆಂಧ್ರಗಳ ನಿಷೇಧವನ್ನು ಉಚ್ಚ ನ್ಯಾಯಾಲಯಗಳು ರದ್ದುಪಡಿಸಿದವು.

ನಮ್ಮವರಲ್ಲಿ ಕೆಲವರಾದರೋ ಹಿಗ್ಗಿದರು. ಯೇಸುವಿನ ದೈವತ್ವವನ್ನು ಕ್ರಿ.ಶ. 325ರ ನೈಸಿಯಾ ಸಭೆಯು ಮತದಾನದಿಂದ ತೀರ್ಮಾನಿಸಿತೆಂದು ಕಾದಂಬರಿಯ ಪಾತ್ರವೊಂದು ಹೇಳುತ್ತದೆ. ನಾವು ಹೇಳಿದ್ದೇ ನಿಜವಾಯಿತಲ್ಲ ಎಂಬ ಸಂಭ್ರಮ! ಆದರೆ ಕ್ರೈಸ್ತರು ಯೇಸುವನ್ನು ದೇವರೆಂಬಂತೆ ಸ್ತುತಿಸುತ್ತಾರೆಂದು ರೋಮನ್ ಅಧಿಕಾರಿ ಪ್ಲಿನಿ ಎರಡನೆಯ ಶತಮಾನದ ಆರಂಭದಲ್ಲೇ ತನ್ನ ಚಕ್ರವರ್ತಿಗೆ ಬರೆದಿದ್ದನು. ಕಾದಂಬರಿಯ ‘ಪುರಾತನ’ ರಹಸ್ಯ ಸಂಘವೋ, ಫ್ರಾನ್ಸಿನಲ್ಲಿ 1956ರಲ್ಲಿ ನೋಂದಣಿಯಾದದ್ದು.

ತೌಹೀದ್‌ಗೆ ಇಂತಹ ಸಾಕ್ಷಿ ಬೇಕೇ? ಒಂದು ಹದೀಸನ್ನು ಸ್ವೀಕರಿಸುವ ಮುನ್ನ ಅದರ ಸನದನ್ನು ಕೊಂಡಿ ಕೊಂಡಿಯಾಗಿ ಪರಿಶೀಲಿಸುವವರು ನಾವು. ಪ್ರವಾದಿ ಈಸಾ(ಅ)ರಲ್ಲಿ ವಿಶ್ವಾಸವಿಡದವನು ಮುಸ್ಲಿಮನೇ ಅಲ್ಲ. ಅವರ ಮಾತೆಯ ಹೆಸರಿನಲ್ಲಿ ಪವಿತ್ರ ಕುರ್‌ಆನಿನ 19ನೆಯ ಅಧ್ಯಾಯವೇ ಇದೆ. ವಿವಾಹವು ಪ್ರವಾದಿಗಳ ಘನತೆಗೆ ಕುಂದಲ್ಲ, ನಿಜ. ಆದರೆ ಆಧಾರವಿಲ್ಲದ್ದನ್ನು ಪ್ರವಾದಿಯೊಬ್ಬರ ಹೆಸರಿಗೆ ಅಂಟಿಸುವುದು ಸುಳ್ಳಾರೋಪ. ಅದು ಕ್ರೈಸ್ತರಿಗೆ ಮಾತ್ರವಲ್ಲ, ನಮಗೂ ನೋವು ತರಬೇಕಾದ ಸಂಗತಿ. ಮುಂಬೈಯ ಕೆಲವು ಉಲಮಾಗಳು ಅಂದು ಕ್ರೈಸ್ತರ ಪ್ರತಿಭಟನೆಗೆ ಬೆಂಬಲ ಸಾರಿದರು. ನಿಷೇಧದ ಬೇಡಿಕೆಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಹಿಗ್ಗಿದವರಿಗಿಂತ ಆ ಉಲಮಾಗಳೇ ಸೂರಃ ಮರ್ಯಮನ್ನು ಚೆನ್ನಾಗಿ ಓದಿಕೊಂಡಿದ್ದರೆಂದು ನಾವು ಭಾವಿಸುತ್ತೇವೆ.