ಶಾಲೆಯ ಕಥೆಗಳನ್ನು ಕುರಿತು

ಕಳೆದ ವರುಷ ಒಬ್ಬ ತಂದೆಯವರು ನಮ್ಮ ಕೋಣೆಗೆ ಬಂದು, ಮಗಳ ಹಾಸಿಗೆಯ ಕೆಳಗೆ ಸಿಕ್ಕಿತೆಂದು ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಹಗಲೆಲ್ಲ ಸ್ಕೂಲಿನಲ್ಲಿರುವವಳಿಗೆ ರಾತ್ರಿಯೂ ಸ್ಕೂಲಿನ ಕಥೆಯೇ ಬೇಕೆ, ಟೀಚರ್?" ಎಂಬುದು ಅವರ ದೂರು. ಅದು ಈನಿಡ್ ಬ್ಲೈಟನ್ ಎಂಬ ಆಂಗ್ಲ ಲೇಖಿಕೆಯ 'ಮಲೋರಿ ಟವರ್ಸ್' ಮಾಲೆಯ ಪುಸ್ತಕ. ನಮ್ಮ ಪುಸ್ತಕಭಂಡಾರದ ಮೊಹರೇ ಅದರ ಮೇಲಿದ್ದಿತು. ಆಗ ನಾವು ಕೊಟ್ಟ ಉತ್ತರವು ಅರೆಮನಸ್ಸಿನದಾಗಿತ್ತು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುವೆವು. ಅವರೂ ಓದುವರೆಂದು ನಂಬಿರುವೆವು.

ಶಾಲೆಯ ಕಥೆಯು ಗಂಡುಹುಡುಗರ ಶಾಲೆಗಳಲ್ಲಿ ಹುಟ್ಟಿತೆಂದು ಅನೇಕರ ತಿಳಿವಳಿಕೆ. ಅದು ಸರಿಯಲ್ಲ. 1749ರಲ್ಲಿ ಸಾರಾ ಫೀಲ್ಡಿಂಗ್ ಎಂಬ ಮಹಿಳೆಯು 'ದಿ ಗವರ್ನೆಸ್' ಎಂಬ ಪುಸ್ತಕವನ್ನು ಪ್ರಕಟಿಸಿದಳು. ಒಂದು ಚಿಕ್ಕ ಶಾಲೆ, ಒಂಬತ್ತು ಮಂದಿ ಹುಡುಗಿಯರು, ಒಂದು ಬುಟ್ಟಿ ಸೇಬು. ಅವುಗಳಲ್ಲಿ ದೊಡ್ಡ ಹಣ್ಣು ಯಾರಿಗೆಂಬ ಜಗಳದಿಂದ ಕಥೆ ಆರಂಭವಾಗುವುದು. ಹಾಸ್ಟೆಲಿನಲ್ಲಿ ಇದ್ದು ಹೋದವರಿಗೆ ಈ ಜಗಳದ ವಿವರಣೆ ಬೇಕಾಗದು. ಹುಡುಗರ ಶಾಲೆಯ ಕಥೆಗಳಲ್ಲಿ ಪ್ರಸಿದ್ಧವಾದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಹೊರಬಂದುದು ಆಮೇಲೆ 108 ವರುಷಗಳಿಗೆ, 1857ರಲ್ಲಿ. ಅದನ್ನು ಬರೆದ ತಾಮಸ್ ಹ್ಯೂಸನು ರಗ್ಬಿ ಶಾಲೆಯಲ್ಲಿ ಡಾಕ್ಟರ್ ಆರ್ನಲ್ಡರ ಕೈಕೆಳಗೆ ಓದಿದವನು.

ಮರುವರುಷವೇ, ಮುಂಬಯಿಯಲ್ಲಿ ಮಿಶನರಿಯ ಮಗನಾಗಿ ಹುಟ್ಟಿದ ಫರಾರ್ ಎಂಬವರು 'ಎರಿಕ್' ಎಂಬ ಕಥೆಯನ್ನು ಬರೆದರು. ಒಳ್ಳೆಯ ಹುಡುಗನೊಬ್ಬನು ಸ್ವಲ್ಪಸ್ವಲ್ಪವಾಗಿ ಕೆಟ್ಟು ಕಡೆಗೆ ಸಾಯುವ ಕಥೆ ಅದು. ಪುಟಪುಟಕ್ಕೂ ಉಪದೇಶ! 1899ರಲ್ಲಿ ಕಿಪ್ಲಿಂಗನು ತನ್ನ 'ಸ್ಟಾಕಿ ಆಂಡ್ ಕೋ' ಎಂಬ ಪುಸ್ತಕದಲ್ಲಿ ಶಾಲೆಯ ಹುಡುಗರ ಬಾಯಿಂದಲೇ ಈ 'ಎರಿಕ್'ನ್ನು ಗೇಲಿ ಮಾಡಿಸಿದನು. ಕಿಪ್ಲಿಂಗನ ಒರಟುತನವು ನಮಗೆ ಹಿಡಿಸದು. ಆದರೂ ಈ ಒಂದು ವಿಷಯದಲ್ಲಿ ಅವನ ಹುಡುಗರೇ ಸರಿಯೆಂದು ಒಪ್ಪಬೇಕಾಗಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಉಪದೇಶವನ್ನು ಉದ್ದ ಮಾಡುವ ನಮ್ಮಂಥವರು ಆ ಪುಟಗಳನ್ನು ಆಗಾಗ ಓದುವುದು ಒಳ್ಳೆಯದು.

ಹೆಣ್ಣುಮಕ್ಕಳಿಗೆ ಒಳ್ಳೆಯ ಶಾಲೆಗಳು ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಒಂದೊಂದಾಗಿ ಏಳತೊಡಗಿದವು. ಅವುಗಳಲ್ಲಿ ಕಲಿತ ತಲೆಮಾರು ಬೆಳೆದ ಮೇಲೆ, 1906ರಿಂದ ಆಂಜೆಲಾ ಬ್ರೆಜಿಲ್ ಎಂಬ ಲೇಖಿಕೆಯ ಶಾಲಾಕಥೆಗಳು ಬರಲಾರಂಭಿಸಿದುವು. ಅವುಗಳಲ್ಲಿ ಉಪದೇಶ ಕಡಿಮೆ. ಹುಡುಗಿಯರ ಸ್ವಂತ ಮಾತು, ಸ್ವಂತ ತುಂಟತನ ಹೆಚ್ಚು. ಹಿರಿಯರಿಗೆ ಇದು ಸಹಿಸಲಿಲ್ಲ. 1936ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯು ಈ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಸುಟ್ಟುಬಿಡಬೇಕೆಂದು ಪ್ರಾರ್ಥನೆಯ ವೇಳೆಯಲ್ಲಿಯೇ ಸಾರಿದರೆಂದು ಹೇಳಿಕೆಯುಂಟು. ನಮ್ಮ ಕುರ್ಚಿಯಂಥ ಕುರ್ಚಿಯಲ್ಲಿ ಕುಳಿತವರು ಹಾಗೆ ಆಡಿದರೆಂದು ಕೇಳಿ ನಮಗೆ ನಾಚಿಕೆಯಾಗುತ್ತದೆ.

ಇಂಥ ಪುಸ್ತಕಗಳು ಬರಿಯ ಹುಡುಗಾಟವೆಂಬವರಿಗೆ ಒಂದು ನಿದರ್ಶನ ಕೊಡುವೆವು. ಎಲಿನರ್ ಬ್ರೆಂಟ್-ಡೈಯರ್ ಎಂಬಾಕೆ ಸ್ವತಃ ಉಪಾಧ್ಯಾಯಿನಿ. 1925ರಿಂದ 'ಶಾಲೆ ಸ್ಕೂಲ್' ಮಾಲೆಯನ್ನು ಬರೆದರು. (ಇಲ್ಲಿ ಶಾಲೆಯೆಂದರೆ ನಮ್ಮ ಶಾಲೆಯಲ್ಲ, ಆಲ್ಪ್ಸ್ ಪರ್ವತದ ಮರದ ಮನೆ, ಈ ಚಮತ್ಕಾರಕ್ಕೆ ನಮ್ಮ ಕನ್ನಡ ಪಂಡಿತರು ಬಹಳ ನಕ್ಕರು.) ಆ ಶಾಲೆಯಿದ್ದುದು ಆಸ್ಟ್ರಿಯಾ ದೇಶದಲ್ಲಿ. ನಾಜಿಗಳು ಆ ದೇಶವನ್ನು 1938ರಲ್ಲಿ ಹಿಡಿದ ಮೇಲೆ ಲೇಖಿಕೆಯು ಕಣ್ಣು ಮುಚ್ಚಿ ಕುಳಿತುಕೊಳ್ಳಲಿಲ್ಲ. 1940ರ ಪುಸ್ತಕದಲ್ಲಿ ಒಬ್ಬ ಮುದುಕ ಯೆಹೂದ್ಯನನ್ನು ಜನರ ಗುಂಪು ಬೀದಿಯಲ್ಲಿ ಅಟ್ಟಿ ಹೊಡೆಯುವಾಗ ಈ ಶಾಲೆಯ ಹೆಣ್ಣುಮಕ್ಕಳು ಅಡ್ಡ ಹೋಗುವರು. ಅದಕ್ಕಾಗಿ ಪ್ರಾಣವುಳಿಸಿಕೊಂಡು ದೇಶ ಬಿಟ್ಟು ಓಡಬೇಕಾಗುವುದು. ಯುದ್ಧ ನಡೆಯುತ್ತಿದ್ದಾಗಲೇ, ಮಕ್ಕಳಿಗಾಗಿ, ಇಂಥದನ್ನು ಬರೆದುದು ಸಣ್ಣ ಸಂಗತಿಯಲ್ಲ.

ಇನ್ನು, ರಾತ್ರಿಯೂ ಸ್ಕೂಲಿನ ಕಥೆಯೇ ಏಕೆ ಬೇಕೆಂಬ ಪ್ರಶ್ನೆ. ಮನೆಯ ಕಥೆಗಳಲ್ಲಿ ಹುಡುಗಿಯು ಮಗಳು, ಅಕ್ಕ, ತಂಗಿ. ಪ್ರಣಯದ ಕಥೆಗಳಲ್ಲಿ ಮದುಮಗಳು. ಶಾಲೆಯ ಕಥೆಯಲ್ಲಿ ಮಾತ್ರ ಅವಳು ಅವಳೇ. ಅಲ್ಲಿ ನಾಯಕಿಯೂ ಹುಡುಗಿ, ತಪ್ಪು ಮಾಡಿದವಳೂ ಹುಡುಗಿ, ನ್ಯಾಯ ಹೇಳುವವಳೂ ಹುಡುಗಿಯೇ. ಅಣ್ಣನು ಬಂದು ಬಿಡಿಸಲಾರನು, ತಂದೆಯು ಬಂದು ತೀರ್ಮಾನಿಸಲಾರನು. ಒಂದು ಸುಳ್ಳು, ಒಂದು ಕದ್ದ ಪೆನ್ನು, ಮುರಿದ ಗೆಳೆತನ, ಇಷ್ಟೇ ವಸ್ತು. ಆದರೆ ಹನ್ನೆರಡು ವರುಷದವಳಿಗೆ ಇವುಗಳಿಗಿಂತ ದೊಡ್ಡ ವಿಷಯಗಳು ಯಾವುವು? ಇಂಗ್ಲೆಂಡಿನಲ್ಲಿಯೂ ಈ ಕಥೆಗಳನ್ನು ಓದಿದವರಲ್ಲಿ ಬಹುಮಂದಿ ಅಂಥ ಶಾಲೆಗಳ ಗೇಟನ್ನು ದಾಟದ ಬಡವರ ಮಕ್ಕಳು.

ದೋಷಗಳಿಲ್ಲವೆಂದು ನಾವು ಹೇಳೆವು. ಬ್ಲೈಟನ್ನಳ ಪುಸ್ತಕಗಳಲ್ಲಿ ಫ್ರೆಂಚ್ ಉಪಾಧ್ಯಾಯಿನಿಯು ನಗೆಗೆ ಗುರಿ. ಅಡಿಗೆಯವರಿಗೂ ಆಳುಗಳಿಗೂ ಹೆಸರೇ ಅಪರೂಪ. 1908ರಿಂದ 1940ರ ವರೆಗೆ ನಡೆದ 'ಮ್ಯಾಗ್ನೆಟ್' ಎಂಬ ಹುಡುಗರ ವಾರಪತ್ರಿಕೆಯಲ್ಲಿ ಒಬ್ಬ ಭಾರತೀಯ ರಾಜಕುಮಾರನು ವಿಚಿತ್ರವಾದ ಇಂಗ್ಲೀಷನ್ನಾಡಿ ಓದುಗರನ್ನು ನಗಿಸುತ್ತಿದ್ದನು. ಇವುಗಳನ್ನು ಮುಚ್ಚಿಡುವುದಕ್ಕಿಂತ ತರಗತಿಯಲ್ಲಿ ಗಟ್ಟಿಯಾಗಿ ಓದಿ, ನೀವು ಯಾರನ್ನು ನೋಡಿ ನಕ್ಕಿರಿ ಎಂದು ಕೇಳುವುದೇ ನಮಗೆ ಸರಿಯೆಂದು ತೋರುವುದು.

ನಮ್ಮ ಮೇಲಿನ ನಗೆಯನ್ನೂ ನಾವು ಸಹಿಸಬೇಕು. ಮೈಸೂರಿನ ಆರ್. ಕೆ. ನಾರಾಯಣರ 'ಸ್ವಾಮಿ ಆಂಡ್ ಫ್ರೆಂಡ್ಸ್' 1935ರಲ್ಲಿ ಹೊರಬಂದಿತು. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಮೂಲಕ ಸ್ವಾಮಿಯು ಮನೆಮನೆಗೂ ಪರಿಚಿತನು. ಅವನು ಓದುವುದು ಮಿಶನ್ ಶಾಲೆಯಲ್ಲಿ. ಅಲ್ಲಿ ಸತ್ಯವೇದದ ಪಾಠ ಹೇಳುವ ಎಬನೇಜರ್ ಮಾಸ್ತರರು ಹಿಂದೂ ದೇವರುಗಳನ್ನು ಹೀಯಾಳಿಸುವರು. ಸ್ವಾಮಿಯ ತಂದೆಯು ಮುಖ್ಯೋಪಾಧ್ಯಾಯರಿಗೆ ಕಟುವಾದ ಕಾಗದವನ್ನು ಬರೆಯುವರು. ನಮ್ಮಲ್ಲಿಗೆ ಹೊಸದಾಗಿ ಸೇರುವ ಉಪಾಧ್ಯಾಯಿನಿಯರಿಗೆ ಆ ಭಾಗವನ್ನು ನಾವು ಓದಲು ಕೊಡುವುದುಂಟು. ತರಬೇತಿ ಕಾಲೇಜಿನಲ್ಲಿ ನಮಗೆ ಯಾರೂ ಅದನ್ನು ಕೊಟ್ಟಿರಲಿಲ್ಲ.

ಆದರೆ ಸ್ವಾಮಿಯು ಹುಡುಗನು. ಕನ್ನಡ ಹೆಣ್ಣುಮಕ್ಕಳ ಶಾಲೆಯ ಕಥೆಯೊಂದೂ ನಮ್ಮ ಕಪಾಟಿನಲ್ಲಿಲ್ಲ. ಹಳೆಯ ವಿದ್ಯಾರ್ಥಿನಿಯರೇ, ಹಾಸ್ಟೆಲಿನ ಸಾರು, ಮಳೆಗಾಲದಲ್ಲಿ ಒಣಗದ ಲಂಗ, ಫೀಜು ಕಟ್ಟಲಾರದೆ ನಡುವೆಯೇ ಬಿಟ್ಟುಹೋದ ಗೆಳತಿ, ಇವೆಲ್ಲ ನಿಮ್ಮಲ್ಲಿವೆ. ನಮ್ಮನ್ನು ಹೇಗೆ ಬೇಕಾದರೂ ಚಿತ್ರಿಸಿರಿ, ಬೇಸರಪಡೆವು.

ಆ ತಂದೆಯವರ ಮಗಳು ಮಾಲೆಯ ಐದು ಪುಸ್ತಕಗಳನ್ನು ಮುಗಿಸಿ ಆರನೆಯದಕ್ಕೆ ಹೆಸರು ಬರೆಯಿಸಿದ್ದಾಳೆ. ಪರೀಕ್ಷೆ ಮುಗಿದ ಮರುದಿನ ಕೊಡುವೆವು.